ಕ್ಯಾಮೆರಾ ಹಿಡಿದವನಿಗೂ ಒಂದು ವೀಳ್ಯ ಬೇಡವೇ?

ಮುಂಬಯಿ: ನವೆಂಬರ್ ಬಂತೆಂದರೆ ಊರಿನಲ್ಲಿ ಕಂಬಳದ ಕರೆಗಳು ಸಜ್ಜಾಗುತ್ತವೆ. ಅಲ್ಲಿಂದ ಮಾರ್ಚ್ ತನಕ, ಶನಿವಾರ ಹಗಲು ಕರೆಗಿಳಿದ ಕೋಣಗಳ ಓಟ ರವಿವಾರ ಬೆಳಗಾದರೂ ಮುಗಿದಿರುವುದಿಲ್ಲ. ಇತ್ತ ಮುಂಬಯಿಯಲ್ಲಿ ಹೊಟೇಲಿನ ಕೊನೆಯ ಗಿರಾಕಿ ಎದ್ದು ಹೋಗಿ ಶಟರ್ ಅರ್ಧ ಇಳಿದ ಮೇಲೆ, ಗಲ್ಲೆಯ ಬಳಿ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಧಣಿಗಳೂ ಕೆಲಸದ ಹುಡುಗರೂ ಒಟ್ಟಿಗೆ ಹಗ್ಗ ಹಿರಿಯ ವಿಭಾಗದ ಸೆಮಿಫೈನಲ್ ನೋಡುವುದು ಈಗ ಹೊಸತೇನಲ್ಲ. ಡೊಂಬಿವಲಿಯ ಮನೆಯಲ್ಲೂ ಪುಣೆಯ ಕ್ಯಾಂಟೀನಿನಲ್ಲೂ ಅದೇ ಹೊತ್ತಿಗೆ ಅದೇ ನೋಟ. ಯಾರ ಮನೆಯ ಕೋಣ ಗೆದ್ದಿತು, ಓಡಿಸಿದವರು ಯಾರು ಎಂಬುದೆಲ್ಲ ಮರುದಿನ ಎಲ್ಲರ ಬಾಯಲ್ಲಿ. ಆದರೆ ಆ ದೃಶ್ಯವನ್ನು ಕರೆಯಿಂದ ಇಲ್ಲಿಯವರೆಗೆ ತಲುಪಿಸಿದವರು ಯಾರು, ಅವರ ಕೈಗೆ ಬಂದದ್ದೇನು ಎಂದು ವಿಚಾರಿಸುವವರು ಕಡಿಮೆ.

ಇವರಲ್ಲಿ ಬಹುತೇಕರು ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೋ ಮಾಡಿ ಬದುಕುವವರು. ಅದು ಹೊಟ್ಟೆಪಾಡು, ಆಟದ ಚಿತ್ರೀಕರಣ ಹುಚ್ಚು. ಮುಂಬಯಿ ಮಹಾನಗರದಲ್ಲಿಯೂ ಇಂಥ ಯುವಕರಿಗೆ ಕೊರತೆಯಿಲ್ಲ. ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡೋತ್ಸವ, ಕಬಡ್ಡಿ ಪಂದ್ಯಾಟ, ಹಗ್ಗಜಗ್ಗಾಟ, ಮಹಿಳಾ ವಿಭಾಗದ ಥ್ರೋಬಾಲ್, ಹೊನಲು ಬೆಳಕಿನ ಕ್ರಿಕೆಟ್, ಹೀಗೆ ವರ್ಷವಿಡೀ ಒಂದಲ್ಲ ಒಂದು ಮೈದಾನದಲ್ಲಿ ಇವರು ಕಾಣಸಿಗುತ್ತಾರೆ. ಟ್ರೋಫಿಗೆ ಪ್ರಾಯೋಜಕರಿದ್ದಾರೆ, ಟೀ ಶರ್ಟಿಗೆ ಪ್ರಾಯೋಜಕರಿದ್ದಾರೆ, ಮಧ್ಯಾಹ್ನದ ಊಟಕ್ಕೂ ದಾನಿಗಳಿದ್ದಾರೆ. ಕ್ಯಾಮೆರಾದವನ ವಿಷಯ ಬಂದಾಗ ಮಾತ್ರ "ಅವನು ನಮ್ಮವನೇ ಅಲ್ಲವೇ" ಎಂಬ ಒಂದೇ ಮಾತಿನಲ್ಲಿ ಚರ್ಚೆ ಮುಗಿಯುತ್ತದೆ. ವೇದಿಕೆಗೆ ಕರೆದು ಶಾಲು ಹೊದೆಸಿ ಹೂಗುಚ್ಛ ಕೊಟ್ಟರೆ ಲೆಕ್ಕ ಚುಕ್ತಾ. ಮೆಮೊರಿ ಕಾರ್ಡ್, ಬ್ಯಾಟರಿ, ಟೆಂಪೊ ಬಾಡಿಗೆ, ಮೂರು ಸಿಮ್ ಕಾರ್ಡಿನ ಡೇಟಾ ಎಲ್ಲವೂ ಅವನ ಕಿಸೆಯಿಂದ.

ಯೂಟ್ಯೂಬಿನಲ್ಲಿ ಹಾಕಿದರೆ ಹಣ ತಾನಾಗಿಯೇ ಬರುತ್ತದೆ ಎಂಬ ಕಲ್ಪನೆ ಸಂಘಗಳ ಪದಾಧಿಕಾರಿಗಳಲ್ಲಿ ಬಲವಾಗಿದೆ. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರಲ್ಲಿಯೂ ಇದೆ. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಇದೆ.

ನಾಲ್ಕು ಸಾವಿರ ಗಂಟೆ

ಯೂಟ್ಯೂಬ್ 2005ರಲ್ಲಿ ಹುಟ್ಟಿತು, ಮರುವರ್ಷವೇ ಗೂಗಲ್ ಸಂಸ್ಥೆ ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. ವಿಡಿಯೋ ಹಾಕಿದವರಿಗೂ ಜಾಹೀರಾತಿನ ಪಾಲು ಕೊಡುವ ಪಾಲುದಾರಿಕೆ ವ್ಯವಸ್ಥೆ 2007ರಲ್ಲಿ ಬಂತು. ಮೊದಮೊದಲು ಬಾಗಿಲು ಅಗಲವಾಗಿತ್ತು. 2018ರಲ್ಲಿ ನಿಯಮ ಬಿಗಿಯಾಯಿತು. ಜಾಹೀರಾತಿನ ಪಾಲು ಬೇಕಿದ್ದರೆ ಚಾನೆಲಿಗೆ ಕನಿಷ್ಠ 1,000 ಚಂದಾದಾರರಿರಬೇಕು. ಜತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಜನರು ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ ಕಿರು ವಿಡಿಯೋಗಳಿಗೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಈ ಮೆಟ್ಟಿಲು ಹತ್ತಿದ ಮೇಲೆ ದೊಡ್ಡ ವಿಡಿಯೋದ ಜಾಹೀರಾತು ಆದಾಯದಲ್ಲಿ ಶೇ. 55 ಮಾಡಿದವನಿಗೆ, ಉಳಿದದ್ದು ಯೂಟ್ಯೂಬಿಗೆ. ಶಾರ್ಟ್ಸ್ ಎಂಬ ಕಿರು ವಿಡಿಯೋಗಳಲ್ಲಿ ಪಾಲು ಶೇ. 45.

4,000 ಗಂಟೆ ಎಂದರೆ ಮದುವೆ ವಿಡಿಯೋದವನಿಗೆ ಗಾಬರಿ, ಆಟದವನಿಗೆ ಅಷ್ಟಿಲ್ಲ. ಕಂಬಳದ ನೇರ ಪ್ರಸಾರವನ್ನು ನಾನೂರು ಜನ ಹತ್ತು ಗಂಟೆ ನೋಡಿದರೆ ಒಂದೇ ರಾತ್ರಿಯಲ್ಲಿ 4,000 ಗಂಟೆ ಆಯಿತು. ಆದರೆ ಪ್ರಸಾರ ಮುಗಿದ ಮೇಲೂ ಆ ವಿಡಿಯೋವನ್ನು ಚಾನೆಲಿನಲ್ಲಿ ಎಲ್ಲರಿಗೂ ಕಾಣುವಂತೆ ಉಳಿಸಿಕೊಳ್ಳಬೇಕು. ಬೆಳಗ್ಗೆ ಎದ್ದು ಅಳಿಸಿಬಿಟ್ಟರೆ ಗಂಟೆಗಳೂ ಹೋದವು. ಉದ್ದದ ಆಟ, ಬಿಟ್ಟು ಏಳದ ಪ್ರೇಕ್ಷಕ, ಇವೆರಡು ನಮ್ಮ ಊರಿನ ಕ್ರೀಡೆಗೆ ಇರುವ ದೊಡ್ಡ ಬಂಡವಾಳ.

ಮೆಟ್ಟಿಲು ಹತ್ತಿದ ಮೇಲೆ ಸಿಗುವುದೆಷ್ಟು? ಭಾರತದ ಪ್ರೇಕ್ಷಕರ ಮುಂದೆ ಬರುವ ಜಾಹೀರಾತಿಗೆ ಅಮೆರಿಕದವರ ಮುಂದೆ ಬರುವ ಜಾಹೀರಾತಿನ ಬೆಲೆ ಇಲ್ಲ. ಲೆಕ್ಕಕ್ಕೆಂದು ಸಾವಿರ ವೀಕ್ಷಣೆಗೆ 30 ರೂ. ಕೈಗೆ ಬರುತ್ತದೆ ಎಂದೇ ಇಟ್ಟುಕೊಳ್ಳೋಣ. ಲಕ್ಷ ಜನ ನೋಡಿದರೆ 3,000 ರೂ. ಮೂರು ಕ್ಯಾಮೆರಾ, ಅವುಗಳನ್ನು ಜೋಡಿಸುವ ಸ್ವಿಚರ್, ಜನರೇಟರ್, ಎರಡು ದಿನದ ಊಟ-ತಿಂಡಿ, ನಾಲ್ಕು ಜನರ ಕೂಲಿ, ಇವೆಲ್ಲದರ ಮುಂದೆ ಅದು ಕರೆಯಲ್ಲಿ ಬಿದ್ದ ಒಂದು ಹನಿ.

ಈ ಹಣವೂ ಸುಮ್ಮನೆ ಬರುವುದಿಲ್ಲ. ಖಾತೆಯಲ್ಲಿ ಹತ್ತು ಡಾಲರ್ ಆದಾಗ ಗೂಗಲಿನಿಂದ ಮನೆ ವಿಳಾಸಕ್ಕೆ ಅಂಚೆಯಲ್ಲಿ ಒಂದು ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ನಮೂದಿಸದಿದ್ದರೆ ಪಾವತಿಯಿಲ್ಲ. ವರ್ಷಕ್ಕೊಮ್ಮೆ ಬಾಡಿಗೆ ಕೋಣೆ ಬದಲಿಸುವ ಮುಂಬಯಿಯ ಹುಡುಗರು ಇಲ್ಲಿಯೇ ಎಡವುವುದು. ನೂರು ಡಾಲರ್ ತುಂಬಿದ ಮೇಲಷ್ಟೇ ಬ್ಯಾಂಕಿಗೆ ಜಮೆ. 2021ರಿಂದ ಅಮೆರಿಕದ ತೆರಿಗೆ ಅರ್ಜಿಯನ್ನೂ ತುಂಬಬೇಕಾಗಿದೆ. ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಆದಾಯಕ್ಕೆ ಮಾತ್ರ ಶೇ. 15 ಕಡಿತ; ತುಂಬದಿದ್ದರೆ ಒಟ್ಟು ಆದಾಯದಿಂದಲೇ ಶೇ. 24ರವರೆಗೆ ಕತ್ತರಿ.

ಹರಕೆಯಾಟವೋ, ಡೇರೆಯಾಟವೋ?

ಯಕ್ಷಗಾನ ಬಲ್ಲವರಿಗೆ ಈ ವ್ಯಾಪಾರ ಅರ್ಥವಾಗುವುದು ಸುಲಭ. ಮೇಳಗಳಲ್ಲಿ ಎರಡು ಬಗೆ. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಹೆಸರು ಮಾಡಿದ್ದು ಡೇರೆ ಹಾಕಿ, ಟಿಕೇಟು ಕೊಟ್ಟು ಆಟ ತೋರಿಸಿ. ಕಟೀಲಿನ ಮೇಳಗಳದ್ದು ಹರಕೆಯಾಟ: ಸೇವಾಕರ್ತರು ವೀಳ್ಯ ಕೊಡುತ್ತಾರೆ, ಬಯಲಿಗೆ ಬಂದವರೆಲ್ಲ ಪುಕ್ಕಟೆ ನೋಡುತ್ತಾರೆ. ಆನ್‌ಲೈನ್ ವಿಡಿಯೋ ನೋಡುವವನು ಬಯಲಾಟದ ಪ್ರೇಕ್ಷಕ. ಅವನಿಂದ ಟಿಕೇಟು ವಸೂಲಿ ಮಾಡಹೊರಟವರು ಎಲ್ಲ ಕಡೆ ಸೋತಿಲ್ಲವಾದರೂ ಗೆದ್ದವರು ಕಡಿಮೆ. ವಿಮಿಯೋ ಎಂಬ ಸಂಸ್ಥೆ 2013ರಲ್ಲಿ ಚಿತ್ರ ನಿರ್ಮಾಪಕರು ತಾವೇ ಬೆಲೆ ಕಟ್ಟಿ ಮಾರುವ ಸೌಲಭ್ಯ ತೆರೆದು, ಆದಾಯದ ಶೇ. 90 ಅವರಿಗೇ ಎಂದು ಸಾರಿತ್ತು. ಪಾಲು ದೊಡ್ಡದು, ನಿಜ. ಆದರೆ ಪುಕ್ಕಟೆ ನೋಡಿ ರೂಢಿಯಾದವನನ್ನು ಡೇರೆಯೊಳಗೆ ಕರೆತರುವುದು ಯಾರು?

ಇದು ಕಂಬಳದವರ ಕಷ್ಟ ಮಾತ್ರವಲ್ಲ, ಕಡಲಾಚೆಯ ಕ್ರೀಡಾ ಚಿತ್ರ ನಿರ್ಮಾಪಕರೂ ಎರಡು ಬಗೆಯ ಆಟವನ್ನು ಆಡಿ ನೋಡಿದವರೇ. ಕ್ಯಾಲಿಫೋರ್ನಿಯಾದ ಬ್ರೂಸ್ ಬ್ರೌನ್ ಅಲೆಗಳ ಮೇಲೆ ಹಲಗೆಯಲ್ಲಿ ಜಾರುವ ಸರ್ಫಿಂಗ್ ಆಟವನ್ನು ಚಿತ್ರೀಕರಿಸಿ, ಕರಾವಳಿಯ ಊರುಗಳ ಶಾಲಾ ಸಭಾಂಗಣಗಳಲ್ಲಿ ಟಿಕೇಟು ಮಾರಿ, ತಾನೇ ಮೈಕ್ ಹಿಡಿದು ವಿವರಣೆ ಹೇಳುತ್ತಿದ್ದರು. "ದಿ ಎಂಡ್‌ಲೆಸ್ ಸಮ್ಮರ್" ಎಂಬ ಅವರ ಚಿತ್ರಕ್ಕೆ ವಿತರಕರು ಸಿಗಲಿಲ್ಲ. ಸಮುದ್ರವಿಲ್ಲದ ಊರಿನವರು ಇದನ್ನು ಯಾಕೆ ನೋಡುತ್ತಾರೆ ಎಂಬುದು ಅವರ ಅನುಮಾನ. ಬ್ರೌನ್ ಅದನ್ನು ಸಮುದ್ರದಿಂದ ಬಹುದೂರದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ, ನಡು ಚಳಿಗಾಲದಲ್ಲಿ ತೋರಿಸಿದರು. ಜನ ಸಾಲುಗಟ್ಟಿ ನಿಂತರು. 1966ರಲ್ಲಿ ಅದು ಅಮೆರಿಕದಾದ್ಯಂತ ಬಿಡುಗಡೆಯಾಯಿತು. ಡೇರೆಯಾಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹರಕೆಯಾಟಕ್ಕೆ ಉದಾಹರಣೆ ಸ್ಕಾಟ್ಲೆಂಡಿನದು. ಎಡಿನ್‌ಬರೊದ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದ ಡ್ಯಾನಿ ಮೆಕ್ಆಸ್ಕಿಲ್ ಬೇಲಿಯ ಮೇಲೆ, ಗೋಡೆಯ ಅಂಚಿನಲ್ಲಿ ಸೈಕಲ್ ಓಡಿಸುವುದನ್ನು ಡೇವ್ ಸೊವರ್ಬಿ ತಿಂಗಳುಗಟ್ಟಲೆ ಚಿತ್ರೀಕರಿಸಿದರು. 2009ರ ಏಪ್ರಿಲ್‌ನಲ್ಲಿ ಐದೂವರೆ ನಿಮಿಷದ ಆ ವಿಡಿಯೋ ಯೂಟ್ಯೂಬಿಗೆ ಏರಿತು, ಜಗತ್ತು ನೋಡಿತು. ಆಮೇಲೆ ದಾರಿ ತೆರೆದದ್ದು ಪ್ರಾಯೋಜಕರ ಮೂಲಕ. ಪಾನೀಯದ ಕಂಪೆನಿ ಬಂತು, ಸೈಕಲ್ ಕಂಪೆನಿ ಬಂತು. 2014ರಲ್ಲಿ ಸ್ಕೈ ದ್ವೀಪದ ಬೆಟ್ಟದೇಣಿನ ಮೇಲೆ ಡ್ಯಾನಿ ಸೈಕಲ್ ಓಡಿಸಿದ "ದಿ ರಿಡ್ಜ್" ಎಂಬ ಚಿತ್ರವನ್ನು ಗ್ಲಾಸ್ಗೊದ ಒಂದು ಸಣ್ಣ ಚಿತ್ರಸಂಸ್ಥೆ ಮಾಡಿತು. ನೋಡುವವರಿಗೆ ಇಂದಿಗೂ ಅದು ಪುಕ್ಕಟೆ. ವೀಳ್ಯ ಕೊಟ್ಟವರು ಬೇರೆ.

ಸ್ಮರಣ ಸಂಚಿಕೆಯ ಪುಟದಿಂದ ಪರದೆಗೆ

ಪ್ರಾಯೋಜಕರೆಂದರೆ ದೊಡ್ಡ ಕಂಪೆನಿಗಳೇ ಆಗಬೇಕೆಂದಿಲ್ಲ. ಮುಂಬಯಿಯ ಸಂಘ-ಸಂಸ್ಥೆಗಳಿಗೆ ಈ ವಿದ್ಯೆಯನ್ನು ಯಾರೂ ಕಲಿಸಿಕೊಡಬೇಕಾಗಿಯೂ ಇಲ್ಲ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಹೊಟೇಲ್ ಉದ್ಯಮಿಗಳಿಂದ, ಸಹಕಾರಿ ಬ್ಯಾಂಕುಗಳಿಂದ, ಕ್ಯಾಟರಿಂಗಿನವರಿಂದ ಪೂರ್ಣ ಪುಟ, ಅರ್ಧ ಪುಟ, ರಕ್ಷಾಪುಟದ ಒಳಬದಿ ಎಂದು ದರ ನಿಗದಿ ಮಾಡಿ ಜಾಹೀರಾತು ತರುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಸಂಚಿಕೆ ಸಮಾರಂಭದ ದಿನ ಕೈಯಿಂದ ಕೈಗೆ ದಾಟಿ ಕಪಾಟು ಸೇರುತ್ತದೆ. ಅದೇ ಹೊಟೇಲಿನ ಹೆಸರು ಕಬಡ್ಡಿ ಫೈನಲಿನ ಅಂಕಪಟ್ಟಿಯ ಪಕ್ಕದಲ್ಲಿ ಎರಡು ಗಂಟೆ ನಿಂತರೆ ಊರಿನವರೂ ನೋಡುತ್ತಾರೆ, ಗಲ್ಫಿನವರೂ ನೋಡುತ್ತಾರೆ. ಕ್ರೀಡೋತ್ಸವದ ಜಾಹೀರಾತು ದರಪಟ್ಟಿಯಲ್ಲಿ "ನೇರ ಪ್ರಸಾರ" ಎಂಬ ಒಂದು ಸಾಲು ಸೇರಿಸಿ, ಅದರಿಂದ ಬಂದದ್ದು ಕ್ಯಾಮೆರಾ ತಂಡಕ್ಕೆ ಎಂದು ಮೊದಲೇ ಠರಾವು ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಅಭಿಮಾನಿಗಳೇ ನೇರವಾಗಿ ಕೊಡುವ ದಾರಿಯೂ ಇದೆ. ನೇರ ಪ್ರಸಾರದ ನಡುವೆ ವೀಕ್ಷಕರು ಹಣ ಕೊಟ್ಟು ತಮ್ಮ ಸಂದೇಶವನ್ನು ಎದ್ದು ಕಾಣಿಸುವ "ಸೂಪರ್ ಚಾಟ್" 2017ರಲ್ಲಿ ಆರಂಭವಾಯಿತು, ಶೇ. 70 ಚಾನೆಲಿನವನಿಗೆ. ಇದಕ್ಕೆ 500 ಚಂದಾದಾರರು, 3,000 ಗಂಟೆ ಸಾಕು. ತಮ್ಮ ಊರಿನ ಕೋಣ ಕರೆಗಿಳಿದಾಗ ಮನೆತನದ ಹೆಸರು ಹಾಕಿ ನೂರು ರೂಪಾಯಿ ಕಳುಹಿಸಲು ಹಿಂಜರಿಯುವವರು ನಮ್ಮಲ್ಲಿ ಕಡಿಮೆ.

ಒಂದು ಬಗೆಯ ಪ್ರಾಯೋಜಕರಿಂದ ಮಾತ್ರ ದೂರವಿರುವುದು ಕ್ಷೇಮ. ಟೆನಿಸ್ ಬಾಲ್ ಕ್ರಿಕೆಟಿನಂಥ ನೇರ ಪ್ರಸಾರಗಳಿಗೆ ಬಾಜಿ ಕಟ್ಟುವ ಆ್ಯಪಿನವರು ಧಾರಾಳ ಹಣದೊಂದಿಗೆ ಬರುವುದುಂಟು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೆ ಹಣ ಪಣಕ್ಕಿಡುವ ಆಟಗಳ ಜಾಹೀರಾತು ತೋರಿಸಿದರೆ ಎರಡು ವರ್ಷದವರೆಗೆ ಸೆರೆ, 50 ಲಕ್ಷ ರೂ. ವರೆಗೆ ದಂಡ ಅಥವಾ ಎರಡೂ.

13.62 ಸೆಕೆಂಡು

2020ರ ಫೆಬ್ರವರಿಯನ್ನು ಮರೆತವರಿಲ್ಲ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ಕೋಣಗಳ ಎಳೆತದ ಓಟವನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸುವುದು ಸರಿಯೇ ಎಂಬ ಪ್ರಶ್ನೆ ಒತ್ತಟ್ಟಿಗಿರಲಿ. ದೃಶ್ಯ ಎರಡೇ ವಾರಗಳಲ್ಲಿ ದೇಶ ವಿದೇಶಗಳನ್ನು ಸುತ್ತಿತು. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಗೌಡರನ್ನು ಬೆಂಗಳೂರಿಗೆ ಕರೆಸಿ 3 ಲಕ್ಷ ರೂ. ಚೆಕ್ ನೀಡಿ ಸಮ್ಮಾನಿಸಿದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ ಮತ್ತೊಂದು ಸುದ್ದಿ ಮಾಡಿದರು.

ಓಡಿದವರಿಗೆ ಕೀರ್ತಿ ಬಂದದ್ದು ನ್ಯಾಯವೇ. ಆದರೆ ಆ ಕೆಲವು ಸೆಕೆಂಡುಗಳ ದೃಶ್ಯವನ್ನು ಕಂಡಕಂಡವರೆಲ್ಲ ತಂತಮ್ಮ ಪುಟಗಳಲ್ಲಿ ಹಾಕಿಕೊಂಡರಲ್ಲ, ಕರೆಯ ಬದಿಯಲ್ಲಿ ನಿಂತು ಚಿತ್ರೀಕರಿಸಿದವರ ಹೆಸರು ಎಷ್ಟು ಕಡೆ ಕಾಣಿಸಿತು? ವಿಡಿಯೋ ಜಗತ್ತನ್ನು ಸುತ್ತುವುದು ಬೇರೆ, ಅದರ ಒಡೆತನ ಕೈಯಲ್ಲಿರುವುದು ಬೇರೆ. ಸುದ್ದಿವಾಹಿನಿಗಳು, ಸಾಕ್ಷ್ಯಚಿತ್ರ ಮಾಡುವವರು, ಜಾಹೀರಾತು ಸಂಸ್ಥೆಗಳು ಇಂಥ ದೃಶ್ಯಕ್ಕೆ ಪರವಾನಗಿ ಶುಲ್ಕ ಕೊಡುವ ಪದ್ಧತಿ ಇದೆ. ಕೊಡಬೇಕಾದರೆ ಮಾಲೀಕ ಯಾರೆಂದು ಗೊತ್ತಿರಬೇಕು, ಮೂಲ ಕಡತ ಅವನ ಬಳಿ ಇರಬೇಕು. ವಾಟ್ಸಾಪಿನಲ್ಲಿ ಹತ್ತು ಸಲ ದಾಟಿ ಮಸುಕಾದ ತುಣುಕಿಗೆ ಯಾರೂ ಹಣ ಕೊಡುವುದಿಲ್ಲ.

ಕದ್ದವರ ಮೇಲೆ ದೂರು ಕೊಡುವ ವ್ಯವಸ್ಥೆ ಯೂಟ್ಯೂಬಿನಲ್ಲಿದೆ. ಪಾಲುದಾರ ಚಾನೆಲುಗಳಿಗೆ ನಕಲನ್ನು ತಾನೇ ಹುಡುಕಿ ತೋರಿಸುವ ಸಾಧನವೂ ಇದೆ. ಆ ಕತ್ತಿ ಎರಡು ಕಡೆಯೂ ಹರಿತ. ಟಿವಿಯ ಕ್ರಿಕೆಟ್ ತುಣುಕು ಎತ್ತಿಹಾಕಿ 90 ದಿನಗಳಲ್ಲಿ ಮೂರು ಸಲ ಸಿಕ್ಕಿಬಿದ್ದರೆ ಇಡೀ ಚಾನೆಲ್ ಮುಚ್ಚಿಹೋಗುತ್ತದೆ. ಸ್ವಂತ ಮೈದಾನದ ಚಿತ್ರೀಕರಣದಲ್ಲಿಯೂ ಒಂದು ಗುಂಡಿ ಇದೆ. ಪಂದ್ಯದ ನಡುವೆ ಧ್ವನಿವರ್ಧಕದಲ್ಲಿ ಮೊಳಗುವ ಸಿನಿಮಾ ಹಾಡು ವಿಡಿಯೋದೊಳಗೆ ಬಂದರೆ ಜಾಹೀರಾತಿನ ಹಣ ಹಾಡಿನ ಕಂಪೆನಿಯ ಪಾಲಾಗಬಹುದು, ನೇರ ಪ್ರಸಾರ ನಡುವಿನಲ್ಲೇ ನಿಲ್ಲಲೂಬಹುದು. ಅನುಭವಿಗಳು ವೀಕ್ಷಕ ವಿವರಣೆಯ ಮೈಕನ್ನು ಮಿಕ್ಸರಿನಿಂದ ನೇರವಾಗಿ ತೆಗೆದುಕೊಂಡು ಹಾಡಿನ ತಂತಿಯನ್ನು ಹೊರಗಿಡುತ್ತಾರೆ. ಕೊಂಬು ವಾದ್ಯ ಊದಿಸಿದರೆ ಆ ತಾಪತ್ರಯವೇ ಇಲ್ಲ!

ಒಂದು ಹಾಳೆಯ ಕರಾರು

ಒಡೆತನದ ವಿಚಾರದಲ್ಲಿ ನಮ್ಮ ದೇಶದ ಕಾನೂನು ಹೇಳುವುದನ್ನು ಕೇಳಿದರೆ ಹಲವರಿಗೆ ಆಶ್ಚರ್ಯವಾದೀತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಒಬ್ಬರ ಬೇಡಿಕೆಯ ಮೇರೆಗೆ ಪ್ರತಿಫಲ ಪಡೆದು ಮಾಡಿಕೊಟ್ಟ ಫೋಟೋ ಅಥವಾ ಚಲನಚಿತ್ರದ ಮೊದಲ ಒಡೆಯ ಹಣ ಕೊಟ್ಟವನೇ, ಬೇರೆ ಕರಾರು ಇಲ್ಲದಿದ್ದರೆ. ವಿಡಿಯೋ ಕೂಡ ಈ ಕಾಯ್ದೆಯ ದೃಷ್ಟಿಯಲ್ಲಿ ಚಲನಚಿತ್ರವೇ. ಅಂದರೆ ಸಂಘದವರು ಐದು ಸಾವಿರ ರೂ. ಕೊಟ್ಟು ಚಿತ್ರೀಕರಿಸಿದ ಕಬಡ್ಡಿ ಪಂದ್ಯದ ಒಡೆತನ ಸಂಘದ್ದು; ಶಾಲು ಹೊದೆಸಿ ಕಳುಹಿಸಿದ್ದರೆ, ತನ್ನ ಖರ್ಚಿನಲ್ಲಿ ತಾನೇ ಮಾಡಿದ ಹುಡುಗನದ್ದು. ಜಿಪುಣತನದಿಂದಲೂ ಒಬ್ಬರಿಗೆ ಉಪಕಾರವಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ತಮಾಷೆ ಬಿಟ್ಟರೂ, ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಾಯಿಮಾತು ಬೇಡ, ಒಂದು ಹಾಳೆ ಸಾಕು. ಒಡೆತನ ಚಿತ್ರೀಕರಿಸಿದವನದ್ದು, ಸಂಘ ತನ್ನ ಸಮಾರಂಭಗಳಲ್ಲಿ, ತನ್ನ ಪುಟದಲ್ಲಿ ಯಾವಾಗ ಬೇಕಾದರೂ ತೋರಿಸಬಹುದು, ಹೊರಗಿನವರಿಗೆ ಮಾರಿ ಬಂದದ್ದರಲ್ಲಿ ಇಷ್ಟು ಪಾಲು ಸಂಘದ ವಿದ್ಯಾರ್ಥಿವೇತನ ನಿಧಿಗೆ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಯಾರಿಗೂ ನಷ್ಟವಿಲ್ಲ. ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಕಾಯ್ದೆಯಂತೆ ಐದು ವರ್ಷ, ಭಾರತದ ಮಟ್ಟಿಗೆ ಮಾತ್ರ ಎಂದಾಗುತ್ತದೆ. ಗಲ್ಫಿನಲ್ಲಿ ಕುಳಿತ ವೀಕ್ಷಕರನ್ನು ನೆಚ್ಚಿಕೊಂಡವರು ಇದನ್ನು ಗಮನಿಸಬೇಕು.

ಸಂಘದವರೂ ತಮ್ಮ ಪಾಲಿನ ಹಿಡಿತ ಬಿಡಬೇಕಾಗಿಲ್ಲ. ಆಟಕ್ಕೆ ಕೃತಿಸ್ವಾಮ್ಯವಿಲ್ಲ, ಆದರೆ ಮೈದಾನದೊಳಗೆ ಯಾರು ಕ್ಯಾಮೆರಾ ಇಡಬಹುದು ಎಂದು ನಿರ್ಧರಿಸುವವರು ಸಂಘಟಕರೇ. ಒಂದು ತಂಡಕ್ಕೆ ಪ್ರಸಾರದ ಅನುಮತಿ ಬರೆದುಕೊಟ್ಟ ಮೇಲೆ ಇನ್ನು ಮೂವರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ನೇರ ಪ್ರಸಾರ ಮಾಡುವುದನ್ನು ತಡೆಯುವ ಹೊಣೆಯೂ ಅವರದ್ದೇ. ಮಕ್ಕಳ ಕ್ರೀಡೆಯಾದರೆ ಪ್ರವೇಶ ಪತ್ರದಲ್ಲಿಯೇ ಹೆತ್ತವರ ಒಪ್ಪಿಗೆ ಪಡೆದಿಡುವುದು ಉತ್ತಮ. ಡ್ರೋನ್ ಹಾರಿಸುವುದಿದ್ದರೆ 2021ರ ನಿಯಮಾವಳಿಯಂತೆ 250 ಗ್ರಾಮಿಗಿಂತ ಹೆಚ್ಚು ತೂಕದ್ದನ್ನು ವ್ಯಾಪಾರಕ್ಕೆ ಬಳಸಲು ಚಾಲಕನಿಗೆ ಪ್ರಮಾಣಪತ್ರ ಬೇಕು. ಮುಂಬಯಿಯಲ್ಲಂತೂ ವಿಮಾನ ನಿಲ್ದಾಣದ ಆಸುಪಾಸು ಆ ಗೊಡವೆಯೇ ಬೇಡ.

ಕಪಾಟಿನಲ್ಲಿರುವ ಕ್ಯಾಸೆಟ್ಟುಗಳು

ಇಂದಿನ ಪಂದ್ಯಕ್ಕೆ ಇಂದು ಬೆಲೆಯಿಲ್ಲದಿರಬಹುದು. ಸಾಂತಾಕ್ರೂಜಿನ ರಿಶಾಂಕ್ ದೇವಾಡಿಗರು ಪ್ರೊ ಕಬಡ್ಡಿಯಲ್ಲಿ ಯು ಮುಂಬಾ ತಂಡದ ಮೂಲಕ ಮನೆಮಾತಾದರು. 2017ರಲ್ಲಿ ಯು.ಪಿ. ಯೋಧಾ ಪರವಾಗಿ ಒಂದೇ ಪಂದ್ಯದಲ್ಲಿ 28 ರೈಡ್ ಅಂಕ ಗಳಿಸಿ ದಾಖಲೆ ಮಾಡಿದರು. ಇಂಥ ಆಟಗಾರರು ಹೆಸರು ಮಾಡುವ ಮುಂಚೆ ಗಲ್ಲಿಯ ಪಂದ್ಯಾಟಗಳಲ್ಲಿ ಆಡಿದ ದೃಶ್ಯ ಯಾರ ಬಳಿಯಾದರೂ ಇದ್ದರೆ, ಅದಕ್ಕೆ ಬೆಲೆ ಬರುವುದು ಅವರು ಹೆಸರು ಮಾಡಿದ ನಂತರ. ಹಳೆಯದನ್ನು ಜೋಪಾನವಾಗಿಟ್ಟವನೇ ಮುಂದೆ ಅರ್ಧ ಗಂಟೆಯ ಒಳ್ಳೆಯ ಸಾಕ್ಷ್ಯಚಿತ್ರ ಮಾಡಬಲ್ಲ. ಅದನ್ನು ಸಭಾಗೃಹದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಕೃತಿಸ್ವಾಮ್ಯ ಚಲನಚಿತ್ರಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಮುಂಬಯಿಯ ಹಲವು ಸಂಘಗಳ ಕಚೇರಿಗಳಲ್ಲಿ 1980, 90ರ ದಶಕದ ಕ್ರೀಡೋತ್ಸವಗಳ ವಿಎಚ್‌ಎಸ್ ಕ್ಯಾಸೆಟ್ಟುಗಳು ಟ್ರೋಫಿಗಳ ಹಿಂದೆ ಬೂಷ್ಟು ಹಿಡಿದು ಕುಳಿತಿವೆ. ಅಂದು ಹಗ್ಗ ಎಳೆದವರು ಈಗ ಅಜ್ಜಂದಿರು. ಅಂದು ಕ್ಯಾಮೆರಾ ಹೊತ್ತವರು ಕೆಲವರು ಊರಿಗೆ ಮರಳಿದ್ದಾರೆ, ಕೆಲವರು ಇಲ್ಲ. ಸುವರ್ಣ ಮಹೋತ್ಸವ, ವಜ್ರ ಮಹೋತ್ಸವಗಳು ಬಂದಾಗ ಈ ಕ್ಯಾಸೆಟ್ಟುಗಳ ನೆನಪಾಗುತ್ತದೆ. ಡಿಜಿಟಲ್ ಮಾಡಿಕೊಡುವ ಅಂಗಡಿಗಳು ಮಹಾನಗರದಲ್ಲಿ ಇನ್ನೂ ಕೆಲವು ಉಳಿದಿವೆ. ಚಿತ್ರೀಕರಿಸಿದವರು ಯಾರು, ಅವರಿಗೆ ಹಣ ಕೊಟ್ಟಿತ್ತೇ ಇಲ್ಲವೇ ಎಂಬುದಕ್ಕೆ ಆ ವರ್ಷದ ಖರ್ಚಿನ ಪುಸ್ತಕ ತೆರೆದು ನೋಡಬೇಕು. ಅದಕ್ಕೂ ಮೊದಲು, ಕಪಾಟಿನ ಬೀಗದ ಕೈ ಯಾವ ಮಾಜಿ ಕಾರ್ಯದರ್ಶಿಗಳ ಬಳಿ ಉಳಿದಿದೆ ಎಂದು ಪತ್ತೆ ಹಚ್ಚಬೇಕು.